ಗೋವಾದ ನೀರಿಗೆ ಯಾವ ಸ್ಪಿಯರ್‌ಗನ್? ಉದ್ದ, ರಬ್ಬರ್, ಶಾಫ್ಟ್ ಆರಿಸಿ ಗುರಿ ಕೂಡಿಸುವ ಬಗೆ

ಸ್ಪಿಯರ್‌ಗನ್ ಅಂದರೆ ಎಳೆದ ರಬ್ಬರಿನ ಬಲದಿಂದ ಶಾಫ್ಟನ್ನು, ಅಂದರೆ ಚೂಪು ತುದಿಯ ಸ್ಟೀಲ್ ಕಡ್ಡಿಯನ್ನು, ಹಾರಿಸುವ ನೀರೊಳಗಿನ ಗನ್. ಉಸಿರು ಬಿಗಿಹಿಡಿದು ಮುಳುಗಿ ಮೀನು ಹೊಡೆಯಬೇಕು ಅಂತ ಹೊರಟವರು ಮೊದಲು ಕೇಳುವ ಪ್ರಶ್ನೆ, ಯಾವ ಗನ್ ಜಾಸ್ತಿ ದೂರ ಹೊಡೆಯುತ್ತದೆ ಅನ್ನುವುದು. ಗೋವಾದಲ್ಲಿ ಈ ಪ್ರಶ್ನೆಗೆ ಬೆಲೆ ಕಡಿಮೆ. ಇಲ್ಲಿ ದೂರದ ಮೀನು ಕಾಣುವುದೇ ಇಲ್ಲ. ಕಾಣುವ ಮೂರು ಮೀಟರಿನೊಳಗೆ ಗನ್ ಪ್ರತಿ ಸಲ ಒಂದೇ ಜಾಗಕ್ಕೆ ಹೊಡೆಯುತ್ತದಾ, ಅದನ್ನು ಕೇಳಬೇಕು. ಹಾಗೆ ಹೊಡೆಯಬೇಕಾದರೆ ರಬ್ಬರ್, ಶಾಫ್ಟ್, ಗನ್ನಿನ ತೂಕ ಮೂರೂ ಒಂದಕ್ಕೊಂದು ಹೊಂದಿರಬೇಕು. ಬರೀ ಬಲ ಹೆಚ್ಚಿಸಿದರೆ ಗುರಿ ಕೆಡುತ್ತದೆ, ಸುಧಾರಿಸುವುದಿಲ್ಲ.

ವಾಸ್ಕೋ, ಜುವಾರಿನಗರ, ಮಾಪ್ಸಾ ಕಡೆ ನೆಲೆಸಿರುವ ನಮ್ಮ ಕನ್ನಡದ ಹುಡುಗರು ಈಗೀಗ ಇದರ ಬಗ್ಗೆ ಕೇಳುತ್ತಿರುತ್ತಾರೆ. ಕಾರವಾರ, ಅಂಕೋಲಾ ಕಡೆಯವರಿಗೆ ಸಮುದ್ರ ಹೊಸದಲ್ಲ. ಬಾಗಲಕೋಟೆ, ಗದಗದಿಂದ ಬಂದವರಿಗೆ ನೀರೂ ಹೊಸದು, ಗನ್ನೂ ಹೊಸದು. ಇಬ್ಬರಿಗೂ ಉಪಯೋಗ ಆಗುವ ಹಾಗೆ ಬರೆಯುತ್ತಿದ್ದೇನೆ.

ಗನ್ನಿಗಿಂತ ಮೊದಲು

ಮೊದಲು ಕಾನೂನು. ಕಡಲಾಮೆ, ಕಡಲಕುದುರೆ, ತಿಮಿಂಗಿಲ ಶಾರ್ಕ್, ಗರಗಸ ಮೀನು, ದೈತ್ಯ ಗ್ರೂಪರ್, ಹವಳ, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಮುಟ್ಟುವ ಹಾಗಿಲ್ಲ. ಗೋಬ್ರೊ (ಗ್ರೂಪರ್ ಮೀನು) ಹೊಡೆಯುವವರಿಗೆ ಈ ಮಾತು ಮುಖ್ಯ, ಯಾಕೆಂದರೆ ದೈತ್ಯ ಗ್ರೂಪರ್ ಅದರದೇ ಬಳಗ. ಗುರುತು ಖಚಿತ ಇಲ್ಲದಿದ್ದರೆ ಟ್ರಿಗರ್ ಮೇಲೆ ಬೆರಳೇ ಬೇಡ. ಗನ್ ಕೊಳ್ಳುವ ಮೊದಲು ಪಣಜಿಯ ಮೀನುಗಾರಿಕೆ ನಿರ್ದೇಶನಾಲಯದಲ್ಲೂ ನೀವು ಇಳಿಯುವ ಜಾಗದ ಕೋಸ್ಟಲ್ ಪೊಲೀಸರಲ್ಲೂ ವಿಚಾರಿಸಿ. ಅಂಜೆದಿವ ದ್ವೀಪ ನೌಕಾಪಡೆಯ ವಶದಲ್ಲಿದೆ, ಆ ಕಡೆ ಸುಳಿಯಬೇಡಿ. ಗ್ರಾಂಡೆ ದ್ವೀಪದಲ್ಲಿ ಸ್ಕೂಬಾ ಕಲಿಯುವ ಪ್ರವಾಸಿಗಳು ಇಳಿಯುವ ಜಾಗಗಳಿಗೂ ಗನ್ ಒಯ್ಯುವುದು ಬೇಡ.

ಇನ್ನೊಂದು ಮಾತು, ಇದರಲ್ಲಿ ರಿಯಾಯಿತಿ ಇಲ್ಲ. ಒಬ್ಬರೇ ಇಳಿಯಬೇಡಿ. ಆಳದಿಂದ ಮೇಲೆ ಬರುವಾಗ ನೀರಿನ ಒತ್ತಡ ಇಳಿಯುತ್ತದೆ, ಜೊತೆಗೆ ಶ್ವಾಸಕೋಶದಲ್ಲಿ ಉಳಿದ ಆಮ್ಲಜನಕದ ಒತ್ತಡವೂ ಇಳಿಯುತ್ತದೆ. ಕೊನೆಯ ಕೆಲವು ಮೀಟರ್‌ಗಳಲ್ಲಿ, ಕೆಲವೊಮ್ಮೆ ಮೇಲೆ ಬಂದ ಮೇಲೂ, ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪಬಹುದು. ಒಬ್ಬರು ಕೆಳಗೆ ಹೋದಾಗ ಇನ್ನೊಬ್ಬರು ಮೇಲಿಂದ ನೋಡುತ್ತಿರಬೇಕು. ಜೊತೆಗಾರ ಸಿಗದ ದಿನ ಮನೆಯಲ್ಲೇ ಕೂತು ರಬ್ಬರ್ ಕಟ್ಟಿ.

ಉದ್ದ: 75, 90, 110

ಗನ್ನಿನ ಉದ್ದ ಆರಿಸುವುದು ಪೂರ್ತಿ ನೀರಿನ ತಿಳಿಯ ಮೇಲೆ ನಿಂತಿದೆ. ಜುವಾರಿ, ಮಾಂಡವಿ ಎರಡೂ ಮಣ್ಣು ತಂದು ಸುರಿಯುವ ಕರಾವಳಿ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯುವ ಮಾತೇ ಇಲ್ಲ. ಅಕ್ಟೋಬರ್ ಕಳೆದ ಮೇಲೆ ನೀರು ನಿಧಾನಕ್ಕೆ ತಿಳಿಯಾಗುತ್ತದೆ. ಒಳ್ಳೆಯ ದಿನ ಗ್ರಾಂಡೆ ದ್ವೀಪದ ಸುತ್ತ ಐದಾರು ಮೀಟರ್ ಕಾಣುತ್ತದೆ. ದಂಡೆಗೆ ಹತ್ತಿರದ ಬಂಡೆಗಳಲ್ಲಿ ಎರಡು ಮೂರು ಮೀಟರ್ ಕಂಡರೆ ಪುಣ್ಯ. ಮುರುಡೇಶ್ವರದ ಎದುರಿನ ನೇತ್ರಾಣಿಯ ನೀಲಿ ನೀರು ನೋಡಿ ಬಂದವರು ಅದೇ ಲೆಕ್ಕ ಇಟ್ಟುಕೊಂಡು ಇಲ್ಲಿಗೆ ಗನ್ ತರುತ್ತಾರೆ. ಆ ಲೆಕ್ಕ ಇಲ್ಲಿ ಕೂಡುವುದಿಲ್ಲ.

ಹುಬ್ಬಳ್ಳಿ ಕಡೆಯ ಒಬ್ಬ ಹುಡುಗ ನನ್ನನ್ನು ಕೇಳಿದ. "ಅಣ್ಣಾ, ಉದ್ದಂದು ತಗೊಂಡ್ರ ದೂರ ಹೊಡೀತೈತಿ ಅಲ್ರೀ? ಮತ್ತ್ಯಾಕ ಸಣ್ಣದು?" "ದೂರ ಹೊಡೀತದೆ ಮಾರಾಯ, ಆದ್ರೆ ನಿನಗೆ ಅಲ್ಲೀತನಕ ಕಾಣ್ಬೇಕಲ್ಲ" ಅಂದೆ. ಉದ್ದದ ಗನ್ನಿನ ತುದಿ ಮಬ್ಬಿನಲ್ಲಿ ಮೀನಿಗಿಂತ ಮುಂದೆಯೇ ಹೋಗಿರುತ್ತದೆ. ಅದನ್ನು ಪಕ್ಕಕ್ಕೆ ತಿರುಗಿಸುವಾಗ ನೀರು ತಡೆಯುತ್ತದೆ, ಅಷ್ಟರಲ್ಲಿ ಮೀನು ಬಂಡೆಯ ಸಂದಿಗೆ ಸೇರಿರುತ್ತದೆ.

75 ಸೆಂಟಿಮೀಟರಿನದು ಬಂಡೆ ಸಂದಿ, ಕಲಕಿದ ನೀರು, ಎರಡೂವರೆ ಮೀಟರಿನೊಳಗಿನ ಹೊಡೆತಕ್ಕೆ ಸರಿ. ಕೈ ತಿರುಗಿಸಿದ ಹಾಗೆ ತಿರುಗುತ್ತದೆ. 90ರದ್ದು ಮೂರು ಮೀಟರ್, ಚೂರು ಹೆಚ್ಚು. ಗೋವಾಕ್ಕೆ ಒಂದೇ ಗನ್ ಅಂದರೆ ನಾನು ಹೇಳುವುದು 90. ಬಂಡೆಯ ಹತ್ತಿರದ ತಾಂಬೊಸೊ (ಕೆಂಪು ಸ್ನ್ಯಾಪರ್), ಗೋಬ್ರೊಗೂ ಆಗುತ್ತದೆ, ತಿಳಿ ನೀರಿನ ದಿನ ತೆರೆದ ಜಾಗದಲ್ಲಿ ಅಡ್ಡ ಬಂದ ಇಸ್ವಾಣಕ್ಕೂ (ಸುರಮೈ, ಅಂಜಲ್) ನಡೆಯುತ್ತದೆ. 110 ಮತ್ತು ಅದಕ್ಕಿಂತ ಉದ್ದದ್ದು ನೀಲಿ ನೀರಿನ ಸಾಮಾನು. ನೀವು ಲಕ್ಷದ್ವೀಪ, ಅಂಡಮಾನ್ ನೋಡಿಕೊಂಡು ಕೊಳ್ಳುವುದಾದರೂ ಅಲ್ಲಿನ ನಿಯಮ ಮೊದಲು ತಿಳಿದುಕೊಳ್ಳಿ.

ಇಲ್ಲಿ ಕಣ್ಣು ಮಾಡುವ ಮೋಸವೂ ಸೇರುತ್ತದೆ. ಮಾಸ್ಕ್ ಒಳಗೆ ಗಾಳಿ, ಹೊರಗೆ ನೀರು. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುತ್ತದೆ. ನಾಲ್ಕು ಮೀಟರ್ ದೂರದ ಮೀನು ಮೂರು ಮೀಟರಿನಲ್ಲಿದೆ ಅನ್ನಿಸುತ್ತದೆ, ಮೂರನೇ ಒಂದು ಭಾಗ ದೊಡ್ಡದಾಗಿಯೂ ಕಾಣುತ್ತದೆ. ಶಾಫ್ಟ್ ಕೂಡ ಅದೇ ನೀರಿನಲ್ಲಿ ಇರುವುದರಿಂದ ಎಡ ಬಲ, ಮೇಲೆ ಕೆಳಗೆ ಗುರಿ ತಪ್ಪುವುದಿಲ್ಲ. ತಪ್ಪುವುದು ದೂರದ ಅಂದಾಜು. ಹೊಸಬರ ಹೊಡೆತ ಮೀನಿನ ಕೆಳಗೆ, ಮುಂದೆಯೇ ನಿಂತುಬಿಡುವುದಕ್ಕೆ ಇದೇ ದೊಡ್ಡ ಕಾರಣ. ಗನ್ ಬದಲಾಯಿಸಿದರೆ ಇದು ಹೋಗುವುದಿಲ್ಲ. ಮೂರು ಮೀಟರಿಗೆ ಗಂಟು ಹಾಕಿದ ಹಗ್ಗ ಒಂದನ್ನು ತಳದ ಕಲ್ಲಿಗೆ ಕಟ್ಟಿ, ನೀರೊಳಗೆ ಮೂರು ಮೀಟರ್ ಅಂದರೆ ಎಷ್ಟು ಕಾಣುತ್ತದೆ ಅಂತ ಕಣ್ಣಿಗೆ ಅಭ್ಯಾಸ ಮಾಡಿಸಿ.

ಬ್ಯಾರಲ್: ಅಲ್ಯುಮಿನಿಯಂ, ಕಾರ್ಬನ್, ಮರ

ಇದರ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳುವುದು ಬೇಡ. ಅಲ್ಯುಮಿನಿಯಂ ಅಗ್ಗ, ಗಟ್ಟಿ, ಬಂಡೆಗೆ ತಾಗಿದರೂ ತಡೆಯುತ್ತದೆ. ಒಂದೇ ಕಿರಿಕಿರಿ, ಸ್ಟೀಲ್ ಸ್ಕ್ರೂ ಅಲ್ಯುಮಿನಿಯಂಗೆ ತಾಗುವ ಕಡೆ ಉಪ್ಪುನೀರು ನಿಂತರೆ ಲೋಹ ತಿನ್ನಲು ಶುರುವಾಗುತ್ತದೆ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದರೆ ಸಾಕು. ಕಾರ್ಬನ್ ಹಗುರ, ಬಾಗುವುದಿಲ್ಲ, ದುಬಾರಿ, ಪೆಟ್ಟು ತಡೆಯುವುದರಲ್ಲಿ ಹಿಂದೆ. ತೇಗದ ಮರದ ಗನ್ನುಗಳ ತೂಕವೇ ಅವುಗಳ ಗುಣ. ಹೊಡೆದಾಗ ಹಿಂದಕ್ಕೆ ಒದೆಯುವುದು ಕಡಿಮೆ, ಅದಕ್ಕೇ ಗುರಿ ಚೆನ್ನಾಗಿ ನಿಲ್ಲುತ್ತದೆ. ಆದರೆ ಗೋವಾದ ಮಳೆಗಾಲದ ತೇವದಲ್ಲಿ ಎಣ್ಣೆ, ವಾರ್ನಿಶ್ ಅಂತ ಆರೈಕೆ ಬೇಕು. ಮೊದಲ ಗನ್ನಿಗೆ ಅಲ್ಯುಮಿನಿಯಂ ತೆಗೆದುಕೊಳ್ಳಿ, ಉಳಿದ ದುಡ್ಡನ್ನು ಒಳ್ಳೆಯ ಶಾಫ್ಟಿಗೆ ಹಾಕಿ.

ಬ್ಯಾರಲ್ ಮೇಲೆ ಉದ್ದಕ್ಕೂ ರೈಲ್ (ಶಾಫ್ಟ್ ಕೂರುವ ಹಳಿ) ಇದೆಯಾ ಅಂತ ಮಾತ್ರ ಖಂಡಿತ ನೋಡಿ. ರೈಲ್ ಇದ್ದರೆ ಶಾಫ್ಟ್ ಪೂರ್ತಿ ಉದ್ದಕ್ಕೂ ಆಸರೆಯ ಮೇಲೆ ಕೂರುತ್ತದೆ. ಇಲ್ಲದಿದ್ದರೆ ಹಿಂದೆ ಟ್ರಿಗರ್ ಹತ್ತಿರ, ಮುಂದೆ ಮೂತಿಯ ಹತ್ತಿರ, ಎರಡೇ ಕಡೆ ಆಧಾರ. ನಡುವೆ ರಬ್ಬರ್ ತಳ್ಳಿದಾಗ ಶಾಫ್ಟ್ ಬಾಗಿ ಅಲುಗಾಡುತ್ತಾ ಹೊರಡುತ್ತದೆ. ದಕ್ಷಿಣ ಆಫ್ರಿಕಾದ ರಾಬ್ ಅಲೆನ್ ಗನ್ನುಗಳು ಹೆಸರು ಮಾಡಿದ್ದೇ ಈ ರೈಲಿನಿಂದ. ಈಗ ಹೆಚ್ಚಿನ ಕಂಪನಿಗಳಲ್ಲಿ ಸಿಗುತ್ತದೆ.

ಮೂತಿಯಲ್ಲಿ ಎರಡು ಬಗೆ. ಮುಚ್ಚಿದ ಮೂತಿಯಲ್ಲಿ ಶಾಫ್ಟ್ ತೂತಿನೊಳಗೆ ಹೋಗುತ್ತದೆ, ಬಿದ್ದುಹೋಗುವ ಭಯ ಇಲ್ಲ, ಕಲಿಯುವವರಿಗೆ ಸುಲಭ. ತೆರೆದ ಮೂತಿಯಲ್ಲಿ ಶಾಫ್ಟ್ ಮೇಲೆ ಕೂರುತ್ತದೆ, ಶಾಫ್ಟನ್ನು ಗನ್ನಿಗೆ ಕಟ್ಟಿ ಸುತ್ತಿದ ದಾರವೇ ಅದನ್ನು ಹಿಡಿಯುತ್ತದೆ. ಹಿಡಿಕೆಯಿಂದ ತುದಿಯವರೆಗೆ ಕಣ್ಣಿಗೆ ಅಡ್ಡ ಏನೂ ಇರುವುದಿಲ್ಲ. ಗುರಿಯ ವಿಚಾರಕ್ಕೆ ಬಂದರೆ ನನ್ನ ಆಯ್ಕೆ ತೆರೆದ ಮೂತಿ. ದಾರ ಬಿಗಿಯಾಗಿ ಸುತ್ತುವುದು ಕಲಿಯಬೇಕು ಅಷ್ಟೇ.

ರಬ್ಬರ್: ಒಂದು ದಪ್ಪನೆಯದಾ, ಎರಡು ತೆಳ್ಳನೆಯದಾ

ಗುರಿ ಕೂಡುವುದೂ ಕೆಡುವುದೂ ಬಹಳ ಮಟ್ಟಿಗೆ ಇಲ್ಲೇ.

ರಬ್ಬರ್ ಬಲ ಅದರ ಅಡ್ಡಕೊಯ್ತದ ಜಾಗಕ್ಕೆ ತಕ್ಕಂತೆ ಇರುತ್ತದೆ, ಅಂದರೆ ವ್ಯಾಸದ ವರ್ಗಕ್ಕೆ. 20 ಮಿಲಿಮೀಟರಿನ ಒಂದು ರಬ್ಬರ್ ಅಂದರೆ 400. 14ರದ್ದು 196, ಎರಡು ಸೇರಿದರೆ 392. ಹೆಚ್ಚುಕಡಿಮೆ ಒಂದೇ. 16ರದ್ದು ಎರಡು ಹಾಕಿದರೆ 512, ಒಂದು 20ಕ್ಕಿಂತ ಕಾಲು ಪಾಲಿಗೂ ಜಾಸ್ತಿ. ಹಾಗಾಗಿ "ಇಪ್ಪತ್ತರ ರಬ್ಬರ್ ಹಾಕಿದೀನಿ, ಭಾರಿ ಪವರ್" ಅಂತ ಯಾರಾದರೂ ಹೇಳಿದರೆ, ಅದೇ ಬಲ ಎರಡು ಹದಿನಾಲ್ಕರಿಂದಲೂ ಬರುತ್ತದೆ ಅಂತ ನೆನಪಿರಲಿ.

ಕೈಗೆ ಮಾತ್ರ ಎರಡೂ ಒಂದೇ ಅಲ್ಲ. ದಪ್ಪ ರಬ್ಬರನ್ನು ಒಂದೇ ಎಳೆತಕ್ಕೆ ಶಾಫ್ಟಿನ ಮೇಲಿನ ಕೊಕ್ಕೆಗೆ ಕೂರಿಸಬೇಕು. ಅಲೆಯ ಮೇಲೆ ತೇಲುತ್ತಾ, ಎದೆಗೆ ಹಿಡಿಕೆ ಒತ್ತಿಕೊಂಡು, ದಮ್ಮು ಹಿಡಿದು ಎಳೆಯುವಾಗ ಒಂದು ಕೈ ಮುಂದೆ ಒಂದು ಕೈ ಹಿಂದೆ ಆಗಿಬಿಡುತ್ತದೆ. ವಿಶ್‌ಬೋನ್, ಅಂದರೆ ರಬ್ಬರಿನ ಎರಡು ತುದಿ ಸೇರಿಸಿ ಕೊಕ್ಕೆಗೆ ಸಿಕ್ಕಿಸುವ ಕೊಂಡಿ, ಒಂದು ಕಡೆಗೆ ಜಾರಿ ಕೂರುತ್ತದೆ. ಚಾಟರಬಿಲ್ಲಿನ ಎರಡು ಕಡೆಯ ರಬ್ಬರ್ ಸಮ ಇಲ್ಲದಿದ್ದರೆ ಕಲ್ಲು ಓರೆಯಾಗಿ ಹೋಗುವ ಹಾಗೆಯೇ ಇಲ್ಲಿ ಶಾಫ್ಟ್ ಬಾಲ ಒಂದು ಪಕ್ಕಕ್ಕೆ ಒದೆಯಿಸಿಕೊಂಡು ಹೊರಡುತ್ತದೆ. ತೆಳ್ಳನೆಯ ಎರಡು ರಬ್ಬರ್ ಆದರೆ ಒಂದೊಂದಾಗಿ, ಸಮವಾಗಿ ಎಳೆಯಬಹುದು. ದಣಿವೂ ಕಡಿಮೆ. ದಣಿದರೆ ಉಸಿರು ಹೆಚ್ಚು ಹೊತ್ತು ಹಿಡಿಯಲು ಆಗುವುದಿಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ. ಹತ್ತಿರದ ಸಂದಿಯಲ್ಲಿ ಹೊಡೆಯುವಾಗ ಒಂದೇ ರಬ್ಬರ್ ಏರಿಸಿ ಬಲ ಅರ್ಧಕ್ಕೆ ಇಳಿಸಬಹುದು, ಶಾಫ್ಟ್ ಬಂಡೆಗೆ ಬಡಿದು ತುದಿ ಮಡಚುವುದೂ ತಪ್ಪುತ್ತದೆ.

75ರ ಗನ್ನಿಗೆ 16ರದ್ದು ಒಂದು ಅಥವಾ 14ರದ್ದು ಎರಡು. 90ಕ್ಕೆ 14ರದ್ದು ಎರಡು, ಕೈ ಪಳಗಿದ ಮೇಲೆ ಬೇಕಾದರೆ 16ರದ್ದು ಎರಡು.

ಇನ್ನು ಉದ್ದ. ಅಂಗಡಿಯ ರೆಡಿ ರಬ್ಬರ್ ನಿಮ್ಮ ಗನ್ನಿಗೆ ಸರಿ ಇರುತ್ತದೆ ಅನ್ನುವ ಭರವಸೆ ಇಲ್ಲ. ರೀಲ್ ರಬ್ಬರ್ ತಂದು ನೀವೇ ಕತ್ತರಿಸಿ ಕಟ್ಟುವುದು ಒಳ್ಳೆಯದು. ಲೆಕ್ಕ ಹೀಗೆ. ಮೂತಿಯ ತೂತಿನಿಂದ ಶಾಫ್ಟಿನಲ್ಲಿ ವಿಶ್‌ಬೋನ್ ಕೂರುವ ಕೊಕ್ಕೆಯವರೆಗೆ ಟೇಪ್ ಹಿಡಿಯಿರಿ. 90ರ ಒಂದು ಗನ್ನಿನಲ್ಲಿ ಅದು 82 ಸೆಂಟಿಮೀಟರ್ ಬಂತು ಅನ್ನಿ. ಎರಡೂ ಪಕ್ಕ ಸೇರಿ 164. ವಿಶ್‌ಬೋನ್ ಎರಡು ಕಡೆಯೂ ನಾಲ್ಕು ನಾಲ್ಕು ಸೆಂಟಿಮೀಟರ್ ತಿನ್ನುತ್ತದೆ, ಕಳೆದರೆ 156. ಇದು ಎಳೆದಾಗಿನ ಉದ್ದ. ರಬ್ಬರ್ ಮೂರೂವರೆ ಪಟ್ಟು ಎಳೆಯಬೇಕು ಅಂದರೆ 156ನ್ನು 3.5ರಿಂದ ಭಾಗಿಸಿ, ನಲವತ್ತನಾಲ್ಕೂವರೆ ಬರುತ್ತದೆ. ಗಂಟಿಗೆ ಎರಡೂ ತುದಿಗೆ ಎರಡೆರಡು ಸೆಂಟಿಮೀಟರ್ ಸೇರಿಸಿ. ನಲವತ್ತೆಂಟೂವರೆಗೆ ಕತ್ತರಿಸಿ.

ಹೊಸಬರು 3.5ರ ಬದಲು 3.2 ಇಟ್ಟುಕೊಳ್ಳಿ. ಆಗ ಗಂಟು ಸೇರಿ 53 ಬರುತ್ತದೆ. ಎಳೆಯುವುದು ಎಷ್ಟೋ ಸುಲಭ, ಮೂರು ಮೀಟರಿಗೆ ಬಲವೂ ಸಾಕು, ಗನ್ ಒದೆಯುವುದೂ ಕಡಿಮೆ. ನಾಲ್ಕು ಪಟ್ಟಿನ ಹತ್ತಿರ ಎಳೆದರೆ ರಬ್ಬರ್ ಬೇಗ ಸಾಯುತ್ತದೆ.

ಎರಡು ರಬ್ಬರ್ ಹಾಕುವವರು ಇದನ್ನು ಮರೆಯುತ್ತಾರೆ: ಎರಡನೆಯದು ಮುಂದಿನ ಕೊಕ್ಕೆಗೆ ಕೂರುತ್ತದೆ. ಕೊಕ್ಕೆಗಳ ನಡುವೆ ಐದು ಸೆಂಟಿಮೀಟರ್ ಇದ್ದರೆ ಆ ರಬ್ಬರ್ ಎಳೆದಾಗ ಎರಡೂ ಪಕ್ಕ ಸೇರಿ ಹತ್ತು ಸೆಂಟಿಮೀಟರ್ ಕಡಿಮೆ. ಹಾಗಾಗಿ ಅದನ್ನು ಸುಮಾರು ಮೂರು ಸೆಂಟಿಮೀಟರ್ ಚಿಕ್ಕದಾಗಿ ಕತ್ತರಿಸಬೇಕು. ಎರಡೂ ಒಂದೇ ಉದ್ದ ಇದ್ದರೆ ಮುಂದಿನ ಕೊಕ್ಕೆಯದು ಕಡಿಮೆ ಎಳೆದುಕೊಂಡು ಕಡಿಮೆ ಬಲ ಕೊಡುತ್ತದೆ. ಚಿಕ್ಕದಕ್ಕೆ ಬೇರೆ ಬಣ್ಣದ ದಾರ ಕಟ್ಟಿ, ನೀರಲ್ಲಿ ಅದಲುಬದಲಾಗುವುದಿಲ್ಲ.

ವಿಶ್‌ಬೋನ್ ಲೋಹದ್ದೂ ಇದೆ, ಡೈನೀಮಾ ಅನ್ನುವ ಗಟ್ಟಿ ಹೆಣೆದ ದಾರದ್ದೂ ಇದೆ. ಲೋಹದ್ದು ಬಾಳಿಕೆ ಬರುತ್ತದೆ, ಆದರೆ ಕೈ ಜಾರಿದರೆ ಬೆರಳು ಸೀಳುತ್ತದೆ. ಡೈನೀಮಾ ಬೆರಳಿಗೆ ಮೆತ್ತಗೆ, ಹಗುರ. ಶಾಫ್ಟಿನಲ್ಲಿ ಕೊರೆದ ಕೊಕ್ಕೆ ಇದ್ದರೆ ಅದರ ಚೂಪು ಅಂಚು ಡೈನೀಮಾವನ್ನು ತಿನ್ನುತ್ತದೆ. ಮೀನಿನ ರೆಕ್ಕೆಯ ಹಾಗೆ ಮೇಲೆದ್ದ, ಅಂಚು ಉಜ್ಜಿದ ಕೊಕ್ಕೆ ಇದ್ದರೆ ಡೈನೀಮಾ ಹಾಕಿ. ಇಲ್ಲದಿದ್ದರೆ ಲೋಹವೇ ಇರಲಿ, ಕೈಗವಸು ಹಾಕಿಕೊಳ್ಳಿ.

ವಿಶ್‌ಬೋನ್‌ನ ಸರಿಯಾದ ನಡುವಿಗೆ ಬಿಳಿ ಉಗುರುಬಣ್ಣದ ಒಂದು ಚುಕ್ಕೆ ಇಡಿ. ರಬ್ಬರ್ ಏರಿಸಿದ ಮೇಲೆ ಆ ಚುಕ್ಕೆ ಕೊಕ್ಕೆಯ ಮೇಲೇ ಇದೆಯಾ ನೋಡಿ. ಒಂದು ಪಕ್ಕಕ್ಕೆ ಸರಿದಿದ್ದರೆ ಇಳಿಸಿ ಮತ್ತೆ ಏರಿಸಿ. ಇಷ್ಟು ಅಗ್ಗದ, ಇಷ್ಟು ಫಲ ಕೊಡುವ ಇನ್ನೊಂದು ಕೆಲಸ ಈ ಗನ್ನಿನಲ್ಲಿ ಇಲ್ಲ.

ಶಾಫ್ಟ್: ದಪ್ಪ ಎಷ್ಟಿರಬೇಕು

90ರ ಗನ್ನಿಗೆ ಶಾಫ್ಟ್ ಸುಮಾರು 130 ಸೆಂಟಿಮೀಟರ್ ಇರುತ್ತದೆ. ಆ ಉದ್ದದ ಸ್ಟೀಲ್ ಕಡ್ಡಿ 6.5 ಮಿಲಿಮೀಟರ್ ದಪ್ಪ ಇದ್ದರೆ ಹತ್ತಿರ ಹತ್ತಿರ 340 ಗ್ರಾಂ. 7 ಇದ್ದರೆ 390. 7.5 ಇದ್ದರೆ 450. ಕಣ್ಣಿಗೆ ಅರ್ಧ ಮಿಲಿಮೀಟರ್, ತೂಕದಲ್ಲಿ ಐವತ್ತು ಅರವತ್ತು ಗ್ರಾಂ.

ತೆಳು ಶಾಫ್ಟ್ ವೇಗವಾಗಿ ಹೊರಡುತ್ತದೆ. ಆದರೆ ಹಿಂದಿನಿಂದ ಜಾಸ್ತಿ ಬಲ ಬಿದ್ದರೆ ಬಾಗಿ ನಡುಗುತ್ತದೆ. ನಡುಗುವ ಶಾಫ್ಟಿಗೆ ನೀರಿನ ತಡೆ ಹೆಚ್ಚು, ದಾರಿಯೂ ನೆಟ್ಟಗಿರುವುದಿಲ್ಲ. ದಪ್ಪದ್ದು ನಿಧಾನ, ಆದರೆ ಹೊರಟ ದಿಕ್ಕು ಬಿಡುವುದಿಲ್ಲ, ದೊಡ್ಡ ಗೋಬ್ರೊದ ತಲೆಮೂಳೆಯನ್ನೂ ದಾಟುತ್ತದೆ. 14ರ ಎರಡು ರಬ್ಬರಿಗೆ 7 ಮಿಲಿಮೀಟರ್ ಹೊಂದುತ್ತದೆ. 16ರ ಎರಡು ಹಾಕುವವರು 7.5ಕ್ಕೆ ಹೋಗಿ. 6.5 ಬೇಕಾದರೆ ಒಂದೇ 16ರ ರಬ್ಬರ್ ಇರುವ ಸಣ್ಣ ಗನ್ನಿಗೆ ಇರಲಿ. ಬಹಳ ಜನ ಇದರಲ್ಲಿ ತಿರುಗಾಮುರುಗಾ ಮಾಡುತ್ತಾರೆ. ವೇಗ ಬೇಕು ಅಂತ ಶಾಫ್ಟ್ ತೆಳು ಮಾಡುತ್ತಾರೆ, ಬಲ ಬೇಕು ಅಂತ ರಬ್ಬರ್ ದಪ್ಪ ಮಾಡುತ್ತಾರೆ. ಎರಡೂ ಒಟ್ಟಿಗೆ ಮಾಡಿದರೆ ಗುರಿ ಹೋಯಿತು ಅಂತಲೇ ಲೆಕ್ಕ.

ತುದಿಯ ವಿಚಾರ ಬೇಗ ಮುಗಿಸುತ್ತೇನೆ. ಒಂದೇ ಫ್ಲಾಪರ್ (ಮೀನು ಜಾರದ ಹಾಗೆ ತೆರೆದುಕೊಳ್ಳುವ ಮಡಚು ಮುಳ್ಳು) ಇರುವ, ಕಡ್ಡಿಯ ತುದಿಯನ್ನೇ ಚೂಪು ಮಾಡಿದ ತಾಹಿತಿ ಶಾಫ್ಟ್ ತೆಗೆದುಕೊಳ್ಳಿ. ತಿರುಗಿಸಿ ಹಾಕುವ ತಲೆಗಳಿಗೆ ನೀರಿನ ತಡೆ ಜಾಸ್ತಿ, ಥ್ರೆಡ್ ಸಡಿಲವಾದರೆ ಗುರಿ ಅಲುಗುತ್ತದೆ.

ಶಾಫ್ಟ್ ನೆಟ್ಟಗಿದೆಯಾ ಅಂತ ಮನೆಯಲ್ಲೇ ನೋಡಬಹುದು. ಕಿಟಕಿಯ ಗಾಜು ಅಥವಾ ಗ್ರಾನೈಟ್ ಕಟ್ಟೆಯ ಮೇಲೆ ಫ್ಲಾಪರ್ ಮತ್ತು ಕೊಕ್ಕೆ ಅಂಚಿನ ಆಚೆ ಇರುವ ಹಾಗೆ ಇಟ್ಟು ಬೆರಳಿನಿಂದ ನಿಧಾನ ಉರುಳಿಸಿ. ಕೆಳಗೆ ಬೆಳಕಿನ ಗೆರೆ ಬಂದು ಹೋಗಿ ಮಾಡಿದರೆ ಬಾಗಿದೆ. ಅಲ್ಪ ಬಾಗಿದ್ದರೆ ತಿದ್ದಬಹುದು. ಒಂದೇ ಜಾಗದಲ್ಲಿ ಗೂನು ಬಿದ್ದಿದ್ದರೆ ಅದನ್ನು ಗುರಿಯ ಕೆಲಸದಿಂದ ನಿವೃತ್ತಿ ಮಾಡಿ.

ದಾರ

ನೈಲಾನ್ ಮೋನೋ (ಒಂಟಿ ಎಳೆಯ ದಾರ) ಬೇಕಾ, ಡೈನೀಮಾ ಬೇಕಾ? ಮೋನೋ ನುಣುಪು, ಗಟ್ಟಿ, ಗೋಜಲಾಗುವುದು ಕಡಿಮೆ. 1.8 ಮಿಲಿಮೀಟರಿನದು ಸಾಕು. ಡೈನೀಮಾ ಅದೇ ದಪ್ಪಕ್ಕೆ ಎಷ್ಟೋ ಪಟ್ಟು ಬಲ, ಆದರೆ ಮೆತ್ತಗಿರುವುದರಿಂದ ಫ್ಲಾಪರಿಗೆ ಸುತ್ತಿಕೊಳ್ಳುತ್ತದೆ. ಬಿಗಿಯಾದಾಗ ಇಲ್ಲಿನ ಬಂಡೆಯ ಸಿಂಪಿ, ಬಾರ್ನಕಲ್‌ಗೆ ಉಜ್ಜಿದರೆ ಬೇಗ ಹರಿಯುತ್ತದೆ. ಇಲ್ಲಿಗೆ ಮೋನೋ.

ಉದ್ದ ಮಾತ್ರ ಗುರಿಗೆ ಸಂಬಂಧಪಟ್ಟದ್ದು. ಒಂದು ಸುತ್ತು ಅಂದರೆ ಮೂತಿಯಿಂದ ಹಿಡಿಕೆಗೆ ಬಂದು ಮತ್ತೆ ಮೂತಿಗೆ. 90ರ ಗನ್ನಿಗೆ ಎರಡು ಸುತ್ತು ಹಾಕಿದರೆ ಸುಮಾರು ಮೂರೂವರೆ ಮೀಟರ್ ದಾರ ಸಿಗುತ್ತದೆ. ಒಂದೇ ಸುತ್ತು ಹಾಕಿದರೆ ಮೀನಿಗೆ ತಾಗುವ ಮೊದಲೇ ದಾರ ಬಿಗಿದು ಶಾಫ್ಟನ್ನು ಹಿಂದಕ್ಕೆ ಜಗ್ಗುತ್ತದೆ. ಹೊಡೆತ ಕೆಳಗೆ ಬಿತ್ತು ಅಂತ ಗನ್ನಿಗೆ ಬೈಯುವವರು ಮೊದಲು ದಾರ ಅಳೆಯಿರಿ.

ಸಾದಾ ಗನ್ನಾ, ರೋಲರ್ ಗನ್ನಾ

ರೋಲರಿನಲ್ಲಿ ಮೂತಿಯ ಹತ್ತಿರ ಎರಡು ಪುಟ್ಟ ಗಾಲಿಗಳಿರುತ್ತವೆ. ರಬ್ಬರ್ ಬ್ಯಾರಲ್ ಕೆಳಗಿಂದ ಬಂದು ಗಾಲಿ ಸುತ್ತಿ ಮೇಲೆ ಬರುತ್ತದೆ. ಶಾಫ್ಟ್ ಮೂತಿಯ ತನಕವೂ ತಳ್ಳಿಸಿಕೊಳ್ಳುತ್ತದೆ. ಅದಕ್ಕೇ ಸಣ್ಣ ರೋಲರ್, ತನಗಿಂತ ಉದ್ದದ ಸಾದಾ ಗನ್ನಿನಷ್ಟು ಕೆಲಸ ಮಾಡುತ್ತದೆ. ಕೆಳಗಿನ ರಬ್ಬರ್ ಎದುರು ದಿಕ್ಕಿಗೆ ಓಡುವುದರಿಂದ ಒದೆತವೂ ಕಡಿಮೆ. ಕೇಳಲು ಗೋವಾಕ್ಕೆ ಹೇಳಿ ಮಾಡಿಸಿದ್ದು ಅನ್ನಿಸುತ್ತದೆ, ಅಲ್ವಾ?

ನಾನು ಹೊಸಬರಿಗೆ ಬೇಡ ಅನ್ನುವುದಕ್ಕೆ ಕಾರಣ ಇದೆ. ಏರಿಸುವುದು ಎರಡು ಹಂತದ ಕೆಲಸ. ಗಾಲಿಗೆ ಮರಳು, ಉಪ್ಪು ಸೇರಿ ಒಂದು ಗಾಲಿ ಬಿಗಿ ಒಂದು ಸಡಿಲ ಆದರೆ ಗುರಿ ಓರೆ. ಕೆಳಗಿನ ಬಿಗಿ ಎಡ ಬಲ ಸಮ ಇರಲೇಬೇಕು. ಸಾದಾ ಗನ್ ಒಂದು ಋತು ಪೂರ್ತಿ ಬಳಸಿ, ಸ್ವಂತ ಕೈಯಲ್ಲಿ ರಬ್ಬರ್ ಕಟ್ಟಿ, ಅದರ ತಪ್ಪು ಎಲ್ಲಿದೆ ಅಂತ ಕಂಡುಹಿಡಿಯಲು ಬಂದವರಿಗೆ 75ರ ರೋಲರ್ ನಿಜಕ್ಕೂ ಒಳ್ಳೆಯದು.

ನೀರಲ್ಲಿ ತೂಕ ನೋಡುವುದು

ಗನ್ ಹೊಡೆದಾಗ ಶಾಫ್ಟ್ ಮುಂದೆ ಹೋಗುತ್ತದೆ, ಗನ್ ಹಿಂದೆ ಬರುತ್ತದೆ. ಹಗುರ ಗನ್ ಜಾಸ್ತಿ ಹಿಂದೆ ಬರುತ್ತದೆ. ಹಿಡಿಕೆ ಬ್ಯಾರಲ್‌ಗಿಂತ ಕೆಳಗಿರುವುದರಿಂದ ಒದೆತ ಮೂತಿಯನ್ನು ಮೇಲಕ್ಕೆ ಎತ್ತುತ್ತದೆ. ಶಾಫ್ಟ್ ಪೂರ್ತಿ ಹೊರಬರುವ ಮುಂಚೆ ಮೂತಿ ಎದ್ದರೆ ಹೊಡೆತ ಮೇಲೆ.

ಶಾಫ್ಟ್ ಇಟ್ಟ ಗನ್ನನ್ನು, ರಬ್ಬರ್ ಏರಿಸದೆ, ಎದೆಮಟ್ಟದ ಶಾಂತ ನೀರಿನಲ್ಲಿ ಎರಡು ಬೆರಳಲ್ಲಿ ಹಿಡಿಕೆ ಹಿಡಿದು ನೋಡಿ. ಮಟ್ಟವಾಗಿ ನಿಲ್ಲಬೇಕು, ಅಥವಾ ಮೂತಿ ಚೂರೇ ಚೂರು ಕೆಳಗೆ. ಮೂತಿ ಧಡಕ್ಕನೆ ಮುಳುಗಿದರೆ ಮಣಿಕಟ್ಟು ಇಡೀ ಹೊತ್ತು ಅದನ್ನು ಎತ್ತುತ್ತಲೇ ಇರಬೇಕು, ಗುರಿ ನಡುಗುತ್ತದೆ. ಶಾಫ್ಟ್ ತೆಗೆದರೆ ಗನ್ ತೇಲಬೇಕು. ತೇಲುವಷ್ಟು ಉಳಿಸಿಕೊಂಡು, ನೂರು ಗ್ರಾಂ ಸೀಸ ಬ್ಯಾರಲ್‌ಗೆ ಕಟ್ಟಿ ನೋಡಿ. ಒದೆತ ಇಳಿದದ್ದು ಕೈಗೇ ಗೊತ್ತಾಗುತ್ತದೆ. ಈ ಪರೀಕ್ಷೆ ಸಮುದ್ರದಲ್ಲೇ ಆಗಬೇಕು. ಈಜುಕೊಳದ ಸಿಹಿನೀರಿನಲ್ಲಿ ಅಥವಾ ಮಳೆ ನಿಂತ ಹೊಸದರಲ್ಲಿ ಜುವಾರಿ ಬಾಯಿಯ ಸಪ್ಪೆ ನೀರಿನಲ್ಲಿ ಅದೇ ಗನ್ ಭಾರ ಅನ್ನಿಸುತ್ತದೆ.

ಗುರಿ ಪರೀಕ್ಷೆ

ಈಜುವವರು, ದೋಣಿ, ರಾಂಪಣ್ ಬಲೆ ಎಳೆಯುವವರು ಯಾರೂ ಇಲ್ಲದ, ಮರಳು ತಳದ ಜಾಗ ಬೇಕು. ಮೂರು ನಾಲ್ಕು ಮೀಟರ್ ಆಳ ಸಾಕು. ಮೇಲೆ ಕೆಂಪು ಅಥವಾ ಕಿತ್ತಳೆ ಬಣ್ಣದ ತೇಲುಬುಂಡೆ ಕಡ್ಡಾಯ. ಜೆಟ್‌ಸ್ಕಿ, ಡಾಲ್ಫಿನ್ ತೋರಿಸುವ ದೋಣಿಗಳು ಎಲ್ಲಿಂದ ಬರುತ್ತವೆ ಅಂತ ಹೇಳಲು ಬರುವುದಿಲ್ಲ. ಗನ್ನನ್ನು ನೀರಿನ ಹೊರಗೆ ಏರಿಸಬೇಡಿ, ಯಾವತ್ತೂ. ಸೇಫ್ಟಿ ಬಟನ್ ಇದೆ ಅಂತ ಜೊತೆಗಾರನ ಕಡೆ ಮೂತಿ ತಿರುಗಿಸಬೇಡಿ.

ಹಳೆಯ ಯೋಗಾ ಮ್ಯಾಟ್ ನಾಲ್ಕು ಮಡಿಕೆ ಮಾಡಿ ಬಿಗಿದು, ಕೆಳಗೆ ಕಲ್ಲು ಕಟ್ಟಿ ತಳದಿಂದ ಒಂದು ಮೀಟರ್ ಮೇಲೆ ನಿಲ್ಲಿಸಿ. ನಡುವೆ ಬಿಳಿ ಚುಕ್ಕೆ. ಫ್ಲಾಪರನ್ನು ಸಣ್ಣ ರಬ್ಬರ್ ಉಂಗುರದಿಂದ ಶಾಫ್ಟಿಗೆ ಒತ್ತಿ ಕಟ್ಟಿ, ಇಲ್ಲದಿದ್ದರೆ ಮ್ಯಾಟ್ ಒಳಗೆ ತೆರೆದುಕೊಂಡು ಎಳೆಯಲು ಬರುವುದಿಲ್ಲ. ಶಾಫ್ಟ್ ತುದಿಯಿಂದ ಎರಡೂವರೆ ಮೀಟರ್ ದೂರ, ಮೊಣಕೈ ನೆಟ್ಟಗೆ, ಮಣಿಕಟ್ಟು ಗಟ್ಟಿ. ಐದು ಸಲ ಹೊಡೆಯಿರಿ. ಚುಕ್ಕೆಗೆ ಬಿತ್ತಾ ಅನ್ನುವುದಕ್ಕಿಂತ ಐದೂ ತೂತು ಎಲ್ಲೆಲ್ಲಿವೆ ಅನ್ನುವುದನ್ನು ನೋಡಿ.

ಐದೂ ಮೇಲೆ, ಒಟ್ಟಿಗೆ ಇದ್ದರೆ ಒದೆತ. ಸೀಸ ಸೇರಿಸಿ, ಅಥವಾ ರಬ್ಬರ್ ಚೂರು ಉದ್ದ ಮಾಡಿ. ಐದೂ ಕೆಳಗೆ ಇದ್ದರೆ ದಾರದ ಉದ್ದ, ಮೂತಿಯ ಭಾರ ನೋಡಿ. ಪ್ರತಿ ಸಲ ಒಂದೇ ಪಕ್ಕಕ್ಕೆ ಹೋದರೆ ರಬ್ಬರಿನ ಎಡ ಬಲ ಸಮ ಇಲ್ಲ, ಅಥವಾ ನೀವು ಟ್ರಿಗರ್ ಒತ್ತುವ ಬದಲು ಕಿತ್ತು ಎಳೆಯುತ್ತಿದ್ದೀರಿ. ಜೊತೆಗಾರನಿಗೆ ಹೊಡೆಯಲು ಕೊಡಿ. ಅವನದೂ ಅದೇ ಕಡೆ ಬಿದ್ದರೆ ಗನ್ನಿನದು, ಇಲ್ಲದಿದ್ದರೆ ನಿಮ್ಮ ಬೆರಳಿನದು. ಐದೂ ಚೆಲ್ಲಾಪಿಲ್ಲಿ ಇದ್ದರೆ ಶಾಫ್ಟ್ ಬಾಗಿದೆ, ಅಥವಾ ಬಲಕ್ಕೆ ತೆಳುವಾಗಿದೆ.

ಈಗಾಗಲೇ ಗನ್ ಇರುವವರಿಗೆ

ಹೊಸದು ಕೊಳ್ಳುವ ಮುಂಚೆ ಇರುವುದನ್ನು ಸರಿಮಾಡಿ ನೋಡಿ. ಮೊದಲು ರಬ್ಬರ್ ಬೆರಳಲ್ಲಿ ಚಿವುಟಿ ಎಳೆಯಿರಿ. ಸಣ್ಣ ಬಿರುಕು ಕಂಡರೆ, ಮೇಲ್ಮೈ ಅಂಟಂಟಾಗಿದ್ದರೆ ಅಥವಾ ಒಣಗಿ ಗಟ್ಟಿಯಾಗಿದ್ದರೆ ಬದಲಾಯಿಸಿ. ಲ್ಯಾಟೆಕ್ಸ್‌ಗೆ ಬಿಸಿಲು, ಪೆಟ್ರೋಲಿಯಂ ಎಣ್ಣೆ ಎರಡೂ ವಿಷ. ಗ್ರೀಸ್ ಕೈಯಲ್ಲಿ ಮುಟ್ಟಬೇಡಿ, ಸ್ಕೂಟರ್ ಡಿಕ್ಕಿಯ ಕಾವಿನಲ್ಲಿ ಬಿಡಬೇಡಿ. ತೊಳೆದು ನೆರಳಲ್ಲಿ ಒಣಗಿಸಿ, ಟಾಲ್ಕಂ ಪೌಡರ್ ಹಚ್ಚಿ ಕತ್ತಲಲ್ಲಿ ಇಡಿ. ಮಳೆಗಾಲಕ್ಕೆ ಗನ್ ಎತ್ತಿಡುವಾಗ ರಬ್ಬರ್ ಬಿಚ್ಚಿಯೇ ಇಡಿ.

ರಬ್ಬರ್ ಆದ ಮೇಲೆ ದಾರ. ಆಮೇಲೆ ಶಾಫ್ಟ್. ಸೀಸ ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಐದು ಸಲ ಹೊಡೆದು ನೋಡಿ. ರಬ್ಬರ್ ಉದ್ದ, ಎಷ್ಟು ಪಟ್ಟು, ಶಾಫ್ಟ್ ದಪ್ಪ, ಸೀಸ ಎಷ್ಟು, ಎಲ್ಲವನ್ನೂ ಬಿಳಿ ಟೇಪಿನ ಮೇಲೆ ಬರೆದು ಹಿಡಿಕೆಯ ಒಳಮೈಗೆ ಅಂಟಿಸಿ. ಮುಂದಿನ ಅಕ್ಟೋಬರ್‌ನಲ್ಲಿ ಹೊಸ ರಬ್ಬರ್ ಕತ್ತರಿಸುವಾಗ ಅದನ್ನೇ ನೋಡಿ ಕತ್ತರಿಸಬಹುದು.